ರಾಟೆ ಹೇಳದ ಮಾತು

ಬೆಟಗೇರಿಯ ನೇಕಾರರ ಓಣಿಯಲ್ಲಿ ಹನುಮಪ್ಪನ ಮನೆ. ಆ ಮನೆಯ ನಡುವೆ ವಾರದಿಂದ ಒಂದು ತಗಡಿನ ಟ್ರಂಕು ಬಾಯಿ ತೆರೆದುಕೊಂಡು ಕೂತಿತ್ತು. ಬರುವವರು ಹೋಗುವವರು ಅದನ್ನು ದಾಟಿಕೊಂಡೇ ಓಡಾಡಬೇಕು. ಹನುಮಪ್ಪನ ಹೆಂಡತಿ ಬನಶಂಕರೆವ್ವ ದಿನಕ್ಕೊಂದು ಗಂಟು ತಂದು ಅದರೊಳಗೆ ತುರುಕುತ್ತಿದ್ದಳು. ಒಂದು ದಿನ ಶೇಂಗಾ ಚಟ್ನಿ, ಇನ್ನೊಂದು ದಿನ ಗುರೆಳ್ಳು ಚಟ್ನಿ. ಒಣಗಿಸಿದ ರೊಟ್ಟಿಯ ಕಟ್ಟು ಹಿಡಿಸದೆ ಹೋದಾಗ ಅದನ್ನು ಹಾಸಿಗೆಯ ಸುರುಳಿಯೊಳಗೆ ಸೇರಿಸಿದಳು.

"ಹಾಸಿಗ್ಯಾಗ ರೊಟ್ಟಿ ಇಟ್ರ ಇರುವಿ ಎಲ್ಲಾ ಕೂಡಿ ಹುಡುಗಿನ್ನ ಹೊತ್ಕೊಂಡು ಹೋಗ್ತಾವ ನೋಡ ಯಕ್ಕಾ," ಎಂದ ಎದುರುಮನೆಯ ಟಾಂಗಾದ ಬುಡ್ಡೇಸಾಬ, ಬಾಗಿಲಲ್ಲಿ ನಿಂತು.

"ನೀ ನಿನ್ನ ಕುದರಿ ಹೊಟ್ಟಿ ನೋಡ್ಕೊ. ನನ್ನ ಮಗಳ ಹೊಟ್ಟಿ ನಾ ನೋಡ್ಕೋತೀನಿ," ಎಂದಳು ಬನಶಂಕರೆವ್ವ.

ಮಗಳು ದ್ಯಾಮವ್ವ ಮ್ಯಾಟ್ರಿಕ್ ಪಾಸಾಗಿದ್ದಳು. ಆ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಕನ್ನಡ ನಾಡು ಒಂದಾದ ಮೇಲಿನ ಮೊದಲ ಬೇಸಿಗೆ ಅದು. ಧಾರವಾಡದ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತ್ತು. ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕಿಸಿ ಆಗಿತ್ತು. ಹನುಮಪ್ಪ ತಾನೇ ನೇಯ್ದ ಎರಡು ಸೀರೆ ಟ್ರಂಕಿನ ತಳದಲ್ಲಿದ್ದವು. ಎಲ್ಲವೂ ತಯಾರಾಗಿತ್ತು. ತಯಾರಾಗದೆ ಉಳಿದವನು ಹನುಮಪ್ಪ ಒಬ್ಬನೇ.

ನೇಕಾರರ ಮನೆಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಆ ಸದ್ದಿನ ಮೇಲೆ ಗಂಟಲು ಹರಿದುಕೊಂಡು ಮಾತಾಡುವವರು ಯಾರು? ಕೈ ಎತ್ತಿದರೆ ನೀರು, ಹುಬ್ಬು ಎತ್ತಿದರೆ ಊಟ. ಹನುಮಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವನ ಬೆನ್ನ ಹಿಂದೆ ಮೂಲೆಯಲ್ಲಿ ಕೂತು ದ್ಯಾಮವ್ವ ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಶಾಲೆಗೆ ಹೋಗುವ ಮುಂಚೆ, ಶಾಲೆಯಿಂದ ಬಂದ ಮೇಲೆ, ಸಣ್ಣವಳಿದ್ದಾಗಿನಿಂದ ಹೀಗೇ. ತಂದೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ರಾಟೆ ಜೋರಾಗಿ ತಿರುಗಿದರೆ ಹುಡುಗಿ ಖುಷಿಯಲ್ಲಿದ್ದಾಳೆ. ತಡೆತಡೆದು ತಿರುಗಿದರೆ ಹಸಿದಿದ್ದಾಳೆ. ಹೋದ ಚಳಿಗಾಲದಲ್ಲಿ ರಾಟೆಯ ಸದ್ದು ಒಮ್ಮೆಲೇ ಸೊರಗಿದಾಗ ಅವನು ಕುಣಿಯಿಂದ ಎದ್ದು ಬಂದು ಹಣೆ ಮುಟ್ಟಿ ನೋಡಿದ್ದ. ಹಣೆ ಕಾದ ಹೆಂಚಾಗಿತ್ತು. ಎರಡು ದಿನದಿಂದ ಜ್ವರವಿತ್ತಂತೆ. ದ್ಯಾಮವ್ವ ಒಂದು ಮಾತು ಹೇಳಿರಲಿಲ್ಲ.

ಅದು ನೆನಪಾದಾಗಲೆಲ್ಲ ಹನುಮಪ್ಪನ ಕೈಯಲ್ಲಿ ಲಾಳಿ ನಿಲ್ಲುತ್ತಿತ್ತು. ಧಾರವಾಡದಲ್ಲಿ ರಾಟೆ ಇಲ್ಲ. ಅಲ್ಲಿ ಜ್ವರ ಬಂದರೆ ಯಾರಿಗೆ ಕೇಳಿಸಬೇಕು?

ಒಂದು ಸಂಜೆ ಅವನು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟ.

"ಏನ್ರೀ ಇದು? ಏಳ್ರಿ, ಉಪ್ಪಿನಕಾಯಿ ಇಡೂದೈತಿ," ಎಂದಳು ಬನಶಂಕರೆವ್ವ.

"ಬ್ಯಾಡ. ಆಕಿನ್ನ ಕಳಸೂದು ಬ್ಯಾಡ."

ಗುರುಸಿದ್ದವ್ವ ಅಕ್ಕೋರು ಬಾಗಿಲಿಗೆ ಬಂದದ್ದು ಅದೇ ಹೊತ್ತಿಗೆ. ಅವರು ಹೆಣ್ಣುಮಕ್ಕಳ ಶಾಲೆಯ ಮಾಸ್ತರತಿ, ದ್ಯಾಮವ್ವನಿಗೆ ಅಕ್ಷರ ಕಲಿಸಿದವರು. ತಾವೂ ಟ್ರೇನಿಂಗಿಗೆಂದು ಧಾರವಾಡದ ಹಾಸ್ಟೆಲಿನಲ್ಲಿದ್ದು ಬಂದವರು. ಒಳಗೆ ಬಂದು ಕೂತು, ನೀರು ಕುಡಿದು ಕೇಳಿದರು.

"ಯಾಕ ಹನುಮಪ್ಪಾ, ಹೆಣ್ಣುಹುಡುಗಿ ಅಂತ ಅಂಜಿಕಿ ಆತೇನು?"

"ಅದಲ್ರೀ ಅಕ್ಕೋರ. ಓದಲಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆಕಿ ಬಾಯಿ ಬಿಡೂದಿಲ್ರಿ. ಹಸುವು ಆದ್ರೂ ಹೇಳೂದಿಲ್ಲ, ಜಡ್ಡು ಬಂದ್ರೂ ಹೇಳೂದಿಲ್ಲ. ನಾ ಆದ್ರ ರಾಟಿ ಸಪ್ಪಳ ಕೇಳಿ ತಿಳ್ಕೋತೀನಿ. ಅಲ್ಲಿ ಯಾರ್ ತಿಳ್ಕೋಬೇಕ್ರಿ?"

"ಯಾರೂ ತಿಳ್ಕೊಳ್ಳೂದಿಲ್ಲ," ಎಂದರು ಅಕ್ಕೋರು.

ಬನಶಂಕರೆವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

"ಖರೇನ ಹೇಳ್ತೀನಿ. ಹಾಸ್ಟೆಲ್ ನೋಡ್ಕೊಳ್ಳೋ ರೆಕ್ಟರ್ ಬಾಯಿ ಎಷ್ಟ ಚಲೋ ಆಗಿದ್ರೂ ತಾಯಿ ಅಲ್ಲ. ಮನಿ ತುಂಬ ಹುಡುಗ್ಯಾರು, ಆಕಿಗೂ ಎರಡ ಕಿವಿ. ನನ್ನ ಜೋಡಿ ಮುಂಡರಗಿ ಕಡೇಕಿ ಒಬ್ಬಾಕಿ ಇದ್ಲು. ಕಿವ್ಯಾಗ ಕುರು ಆಗಿತ್ತು. ನಾಚಿಕಿ. ಯಾರಿಗೂ ಹೇಳ್ಲಿಲ್ಲ. ತಲಿ ತಿರುಗಿ ಬಿದ್ದ ಮ್ಯಾಲ ನಮಗ ಗೊತ್ತಾತು. ಜೀವ ಉಳೀತು, ಆ ಕಿವಿ ಉಳೀಲಿಲ್ಲ. ಆಕಿ ಟ್ರಂಕೂ ಹಿಂಗ ತುಂಬಿ ತುಳಕತಿತ್ತು, ಬನಶಂಕರೆವ್ವಾ. ಚಟ್ನಿ ಕಟ್ಟಿದ್ರು, ಮಾತು ಕಟ್ಟಿರಲಿಲ್ಲ."

"ಅದಕ್ಕ ಅಂತೀನ್ರಿ, ಕಳಸೂದು ಬ್ಯಾಡ ಅಂತ!" ಎಂದ ಹನುಮಪ್ಪ.

"ಅದಕ್ಕ ಅಂತೀನಿ ನಾ, ಕಲಿಸಿ ಕಳಸ್ರಿ ಅಂತ. ಹುಡುಗಿ ಮೂಕಿ ಅಲ್ಲ. ಶಾಲ್ಯಾಗ ಪದ್ಯ ಹೇಳಂದ್ರ ಗಂಟಿ ಹೊಡದಾಂಗ ಹೇಳ್ತಾಳ. ಮನ್ಯಾಗ ಆಕಿಗೆ ಮಾತಾಡೂ ಪ್ರಸಂಗನ ಬಂದಿಲ್ಲ. ಆಕಿ ಕೇಳೂ ಮೊದಲ ನೀವ ಕೊಡ್ತೀರಿ. ಹೇಳೂ ಮೊದಲ ನೀವ ತಿಳ್ಕೋತೀರಿ. ಇನ್ನ ಹೋಗೂತನಕ ಒಂದ ಕೆಲಸ ಮಾಡ್ರಿ. ತಿಳದ್ರೂ ತಿಳೀಲಾರದಾಂಗ ಇರ್ರಿ. ಬಾಯಿಬಿಟ್ಟು ಕೇಳಿದ್ರ ಕೊಡ್ರಿ."

ಬನಶಂಕರೆವ್ವನಿಗೆ ಸಿಟ್ಟು ಬಂತು. "ಹೆತ್ತಾಕಿ ನಾನು. ಹಸದ ಮಗಳು ಎದುರಿಗೆ ಕುಂತಾಗ ಕಲ್ಲಿನಾಂಗ ಕುಂಡ್ರಬೇಕೇನ್ರಿ?"

"ನಮ್ಮ ಎದುರಿಗೆ ಒಂದ ಹೊತ್ತು ಹಸೀಲಿ ಯವ್ವಾ. ನಮ್ಮ ಕಣ್ಣ ಹಿಂದ ವರ್ಷಗಟ್ಟಲೆ ಹಸಿಯೂದು ಬ್ಯಾಡ."

ಅಕ್ಕೋರು ಹಿತ್ತಲಲ್ಲಿದ್ದ ದ್ಯಾಮವ್ವನನ್ನೂ ಕರೆದು ವಿಷಯವೆಲ್ಲ ಹೇಳಿದರು. ಅವಳು ನೆಲ ನೋಡುತ್ತ ತಲೆಯಾಡಿಸಿದಳು.

"ತಲಿ ಆಡಿಸಿದ್ರ ನನಗ ಕೇಳ್ಸೂದಿಲ್ಲ," ಎಂದರು ಅಕ್ಕೋರು.

"ಹ್ಞೂಂ ರಿ," ಎಂದಳು ದ್ಯಾಮವ್ವ. ಕೇಳಿಯೂ ಕೇಳಿಸದ ಹಾಗೆ.

ಆ ರಾತ್ರಿ ಹನುಮಪ್ಪ ಮಗಳ ಜೊತೆ ಊಟಕ್ಕೆ ಕೂತ. ಮಗಳ ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಮುಗಿದಿತ್ತು. ಅವಳು ಪಲ್ಯದ ಬೋಗುಣಿ ನೋಡಿದಳು, ತಾಯಿಯನ್ನು ನೋಡಿದಳು. ಬನಶಂಕರೆವ್ವ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ದ್ಯಾಮವ್ವ ಒಣ ರೊಟ್ಟಿಯನ್ನೇ ನೀರಿನ ಜೊತೆ ತಿಂದು ಎದ್ದಳು. ಅವಳು ಎದ್ದ ಮೇಲೆ ತಾಯಿ ಒಲೆಯ ಹೊಗೆಯ ಮೇಲೆ ತಪ್ಪು ಹೊರಿಸಿ ಕಣ್ಣು ಒರೆಸಿಕೊಂಡಳು. ಮರುದಿನ ಬೆಳಿಗ್ಗೆ ಮಗಳ ರೊಟ್ಟಿಯ ಕೆಳಗೆ ಬೆಣ್ಣೆಯ ಒಂದು ದೊಡ್ಡ ಮುದ್ದೆ ಅಡಗಿ ಕೂತಿತ್ತು. ಹನುಮಪ್ಪ ನೋಡಿಯೂ ಸುಮ್ಮನಿದ್ದ. ಅವನೇನು ಕಡಿಮೆಯೇ? ಆ ದಿನ ಮಧ್ಯಾಹ್ನ ರಾಟೆ ತಡೆತಡೆದು ತಿರುಗಿದಾಗ, "ಯಾಕೋ ನನಗs ಹಸುವಾತು," ಎಂದು ಸುಳ್ಳೇ ಎದ್ದು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದ.

ಎರಡು ದಿನ ಕಳೆದ ಮೇಲೆ ಒಮ್ಮೆ ಊಟದ ನಡುವೆ ಮಾತು ಬಂತು.

"ಅವ್ವಾ, ಮಜ್ಜಿಗಿ ಹಾಕು."

ಬನಶಂಕರೆವ್ವ ಮಗಳ ಮುಖ ನೋಡುತ್ತಲೇ ಸುರಿದಳು. ಲೋಟ ತುಂಬಿತು, ತಾಟು ತುಂಬಿತು, ನೆಲಕ್ಕೂ ಹರಿಯಿತು.

"ಸಾಕs ಅವ್ವಾ! ಸಾಕಂದ್ರ ನಿಲ್ಲಸಾಕ ಅಕ್ಕೋರ ಕಲಿಸಿಲ್ಲೇನು ನಿನಗ?"

ಹನುಮಪ್ಪನಿಗೆ ನಗು ತಡೆಯಲಾಗಲಿಲ್ಲ. ಅವನ ಮನೆಯಲ್ಲಿ ಊಟದ ಹೊತ್ತಿಗೆ ನಗು ಕೇಳಿಸಿ ಎಷ್ಟು ಕಾಲವಾಗಿತ್ತೋ. ಹೊರಗೆ ಕುದುರೆಗೆ ನೀರು ಕುಡಿಸುತ್ತಿದ್ದ ಬುಡ್ಡೇಸಾಬ ಕೂಗಿದ: "ಹನುಮಪ್ಪಣ್ಣಾ, ಏನಾತೋ? ಮಗ್ಗ ಬಿಟ್ರ ನಿಮ್ಮ ಮನ್ಯಾಗ ಮಾತಾಡೋರs ಇರಲಿಲ್ಲಲ್ಲೋ!"

ಅಲ್ಲಿಂದ ಮುಂದೆ ಮಾತು ಒಂದೊಂದೇ ಹೊರಬಿತ್ತು. ಹೊಸ ಚಪ್ಪಲಿ ಕಚ್ಚುತ್ತವೆ ಎಂದಳು. ಉಪ್ಪಿನಕಾಯಿ ಬೇಡ, ಪುಟಾಣಿ ಚಟ್ನಿ ಬೇಕು ಎಂದಳು. ಹನುಮಪ್ಪ ಸಮಾಧಾನದಿಂದ ಮಗ್ಗಕ್ಕೆ ಇಳಿದ. ಟ್ರಂಕಿನ ಮುಚ್ಚಳ ಮತ್ತೆ ತೆರೆಯಿತು.

ಒಂದು ಮಧ್ಯಾಹ್ನ ರಾಟೆ ಬಹಳ ಚೆಂದಾಗಿ ತಿರುಗುತ್ತಿತ್ತು. ಎಲ್ಲೂ ತಡೆಯಿಲ್ಲ, ಎಳೆ ಹರಿದಿಲ್ಲ. ಎಲ್ಲ ಸರಿ ಇದೆ ಎಂದು ಆ ಸದ್ದು ಹೇಳುತ್ತಿದೆ ಎಂದುಕೊಂಡ ಹನುಮಪ್ಪ. ಆಗಲೇ ಅದು ನಿಂತಿತು.

"ಅಪ್ಪಾ."

ಅವನೂ ಮಗ್ಗ ನಿಲ್ಲಿಸಿದ. ಮನೆಯೊಳಗೆ ಅಷ್ಟು ದೊಡ್ಡ ಮೌನ ಹಗಲುಹೊತ್ತು ಎಂದೂ ಇರಲಿಲ್ಲ.

"ಅಪ್ಪಾ, ನನಗ ದೂರದ್ದು ಕಾಣೂದಿಲ್ಲ."

ಹನುಮಪ್ಪ ತಿರುಗಿ ನೋಡಿದ. ಮಗಳು ನೂಲನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದಳು.

"ಕಾಣೂದಿಲ್ಲ ಅಂದ್ರ? ಆ ಗ್ವಾಡಿ ಮ್ಯಾಲ ಏನೈತಿ?"

"ದೇವರ ಫೋಟೋ. ನಾವs ಹಾಕೇವಲ್ಲ, ಅದಕ್ಕ ಗೊತ್ತೈತಿ. ಕಣ್ಣಿಗೆ ಬರೇ ಮಸಕ."

"ಬುಡ್ಡೇಸಾಬನ ಕುದರಿ?"

"ಬೆಳ್ಳಗ ಒಂದ ಗುಡ್ಡಿ ಕಂಡಾಂಗ ಕಾಣ್ತೈತಿ. ಗೆಜ್ಜಿ ಸಪ್ಪಳ ಕೇಳಿ ಕುದರಿ ಅಂತ ತಿಳ್ಕೋತೀನಿ."

"ಎಂದಿನಿಂದ ಯವ್ವಾ?"

"ಬಾಳ ವರ್ಷ ಆತು. ಶಾಲ್ಯಾಗ ಹುಡುಗ್ಯಾರು ಕುಂಡ್ರೂ ಬಾಕು ಬೋರ್ಡಿನ ಮುಂದs ಇತ್ತು. ನಡೀತು. ಕಾಲೇಜಿನ್ಯಾಗ ಕೋಣಿ ಬಾಳ ಉದ್ದ ಇರ್ತೈತಂತ. ಅಲ್ಲಿ ನಾ ಫೇಲ್ ಆಗ್ತೀನಿ, ಅಪ್ಪಾ."

"ಇಷ್ಟ ದಿನಾ ಯಾಕ ಹೇಳ್ಲಿಲ್ಲ?"

ದ್ಯಾಮವ್ವ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ತಾಯಿ ಅಲ್ಲಿ ಬಂದು ನಿಂತಿದ್ದಳು. "ಮೂಲಿಮನಿ ಹುಡುಗಿನ್ನ ನೋಡಾಕ ಬಂದೋರು ಚಸ್ಮಾ ನೋಡಿ ಎದ್ದು ಹೋದಾಗ ಅವ್ವ ಅಂದ್ಲು, ಅಂಥಾ ಮಗಳು ಯಾರ ಹೊಟ್ಟ್ಯಾಗೂ ಹುಟ್ಟೂದು ಬ್ಯಾಡ ಅಂತ."

ಬನಶಂಕರೆವ್ವ ಹಿಟ್ಟಿನ ಕೈಯಿಂದಲೇ ತನ್ನ ಬಾಯಿಗೆ ಹೊಡೆದುಕೊಂಡಳು.

ಹನುಮಪ್ಪ ನಿಂತ ರಾಟೆಯ ಕಡೆ ನೋಡಿದ. ಅದರ ಸದ್ದಿನೊಳಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಂಬಿದ್ದ. ಜ್ವರ ಕೇಳಿಸಿತ್ತು, ಹಸಿವು ಕೇಳಿಸಿತ್ತು. ಹತ್ತಿರದ ಎಳೆ ಕಾಣುತ್ತಿದ್ದ ಹುಡುಗಿ ರಾಟೆಯನ್ನು ಸರಿಯಾಗಿಯೇ ತಿರುಗಿಸುತ್ತಿದ್ದಳು. ಅವಳ ಕಣ್ಣಿನ ಸುದ್ದಿಯನ್ನು ರಾಟೆ ಹೇಗೆ ಹೇಳೀತು? ಅವಳು ಸುಮ್ಮನಿದ್ದುದನ್ನು ಅವನು ಸುಖ ಎಂದು ತಿಳಿದಿದ್ದ.

ಮರುದಿನ ಬೆಳಿಗ್ಗೆ ಬುಡ್ಡೇಸಾಬನ ಟಾಂಗಾ ಗದಗಿನ ಕಣ್ಣಿನ ಡಾಕ್ಟರರ ಬಾಗಿಲಲ್ಲಿತ್ತು. ಅಕ್ಕೋರೂ ಜೊತೆಗೆ ಬಂದಿದ್ದರು. ಡಾಕ್ಟರು ದೂರದ ಅಕ್ಷರ ಓದಿಸಿದರು, ಗಾಜು ಬದಲಿಸಿ ಬದಲಿಸಿ ನೋಡಿದರು.

"ಅಂಜಬ್ಯಾಡ್ರಿ, ಇದು ಕುರುಡಲ್ಲ," ಎಂದರು. "ಇಂಥವರಿಗೆ ಹತ್ತಿರದ್ದು ಚಲೋನ ಕಾಣ್ತೈತಿ. ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗೂದಿಲ್ಲ. ಚಸ್ಮಾ ಹಾಕಿದ್ರ ಆತು. ವರ್ಷಕ್ಕೊಮ್ಮೆ ತೋರಸ್ರಿ."

ಹನುಮಪ್ಪ ಆಗ ಬಿಟ್ಟ ಉಸಿರು ಹೊರಗೆ ನಿಂತ ಕುದುರೆಗೂ ಕೇಳಿಸಿರಬೇಕು.

ಮರಳುವ ದಾರಿಯಲ್ಲಿ ಬನಶಂಕರೆವ್ವ ಮೆಲ್ಲಗೆ ಕೇಳಿದಳು, "ಅಕ್ಕೋರ, ಮುಂದ ವರಾ ಸಿಗ್ತಾವೇನ್ರಿ?"

"ಚಸ್ಮಾ ನೋಡಿ ಎದ್ದು ಹೋಗಾವ ನಿನ್ನ ಅಳಿಯ ಆಗ್ಲಿಲ್ಲಂದ್ರ ನಿನಗೇನ ಲುಕ್ಸಾನ ಆತು?" ಎಂದರು ಅಕ್ಕೋರು. ಬನಶಂಕರೆವ್ವ ಸ್ವಲ್ಪ ಯೋಚಿಸಿ, "ಅದೂ ಖರೆ," ಎಂದಳು.

ಚಸ್ಮಾ ಬಂದ ದಿನ ದ್ಯಾಮವ್ವ ಅದನ್ನು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು. ಓಣಿ ನೋಡಿದಳು, ಮನೆಯೊಳಗೆ ನೋಡಿದಳು. ಆಮೇಲೆ ಮಗ್ಗದ ಕಡೆ ಬೆರಳು ತೋರಿಸಿದಳು.

"ಅಪ್ಪಾ, ಅಲ್ಲಿ ಬಲಕ್ಕ ಒಂದ ಎಳಿ ಹರದೈತಿ ನೋಡು."

ಹನುಮಪ್ಪ ಬಗ್ಗಿ ನೋಡಿದ. ಮಗ್ಗಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಹರಿದಿತ್ತು. ಅವನಿಗೇ ಕಂಡಿರಲಿಲ್ಲ.

"ಈಗ ನನ್ನ ಕಣ್ಣೂ ತೋರಸಬೇಕಾತಲ್ಲ," ಎಂದ.

ಹೊರಡುವ ದಿನ ತಂದೆ ಮಗಳು ಧಾರವಾಡಕ್ಕೆ ಹೋದರು. ಹಾಸ್ಟೆಲಿನ ಪಡಸಾಲೆಯಲ್ಲಿ ಹನುಮಪ್ಪ ರುಮಾಲು ಸರಿಮಾಡಿಕೊಂಡು ಕೈಮುಗಿದ. "ಬಾಯಾರ, ನಮ್ಮ ಹುಡುಗಿ ಬಾಯಿ ಬಿಡೂದಿಲ್ರಿ, ನೀವs ಸ್ವಲ್ಪ..."

"ತಡಿ ಅಪ್ಪಾ, ನಾ ಹೇಳ್ತೀನಿ," ಎಂದಳು ದ್ಯಾಮವ್ವ. ರೆಕ್ಟರ್ ಬಾಯಿಯ ಕಡೆ ತಿರುಗಿದಳು. "ನನಗ ಥಂಡಿ ದಿನದಾಗ ಜ್ವರ ಬರ್ತಾವ್ರಿ. ಬಂದ ದಿನಾನ ನಿಮಗ ಹೇಳ್ತೀನಿ. ಕಣ್ಣು ವರ್ಷಕ್ಕೊಮ್ಮೆ ತೋರಸಬೇಕ್ರಿ. ಮತ್ತ ನಮ್ಮ ಅಪ್ಪ ಮುಂಜಾನಿಂದ ಉಂಡಿಲ್ಲ, ಆದ್ರ ಬಾಯಿಬಿಟ್ಟು ಕೇಳೂದಿಲ್ಲ. ಒಂದೀಟು ಊಟ ಸಿಗ್ತೈತೇನ್ರಿ?"

ರೆಕ್ಟರ್ ಬಾಯಿ ನಕ್ಕು ಒಳಗೆ ಕರೆದರು.

ಉಂಡು ತಿರುಗಿ ರೈಲು ಹತ್ತಿದ ಹನುಮಪ್ಪ ಕಿಟಕಿಗೆ ತಲೆ ಆನಿಸಿದ. ಎಷ್ಟೋ ವರ್ಷಗಳಿಂದ ಅವನ ಒಂದು ಕಿವಿ ಬೆನ್ನ ಹಿಂದೆಯೇ ಇತ್ತು. ನಿದ್ದೆಯಲ್ಲೂ ಅದು ಮಗಳ ಉಸಿರಿಗೆ ತೆರೆದೇ ಇರುತ್ತಿತ್ತು. ಆ ದಿನ ಅದು ಮುಚ್ಚಿತು. ಅಣ್ಣಿಗೇರಿ ಹೋಯಿತು, ಇಳಿಯಬೇಕಾಗಿದ್ದ ಗದಗವೂ ಹೋಯಿತು. ಯಾರೋ ಭುಜ ಅಲುಗಿಸಿದಾಗ ಹರ್ಲಾಪುರ ಬಂದಿತ್ತು.

ತಿರುಗಿ ಬರುವ ಗಾಡಿ ಹಿಡಿದು ಅವನು ಮನೆ ಮುಟ್ಟಿದಾಗ ಬನಶಂಕರೆವ್ವ ಬಾಗಿಲಲ್ಲೇ ನಿಂತಿದ್ದಳು. "ಯಾಕ್ರೀ ಇಷ್ಟು ಹೊತ್ತಾತು? ಏನಾತು?"

"ಏನೂ ಆಗಿಲ್ಲ," ಎಂದ ಹನುಮಪ್ಪ. "ನಿದ್ದಿ ಹತ್ತಿತ್ತು."

ತಾಯಂದಿರೇ, ತಂದೆಯಂದಿರೇ, ನಿಮ್ಮ ಮನೆಯ ಮಗನೋ ಮಗಳೋ ಈ ವರ್ಷ ಹಾಸ್ಟೆಲಿಗೆ ಹೊರಟಿರಬಹುದು. ರೊಟ್ಟಿ ಕಟ್ಟಿರಿ, ಹಾಸಿಗೆ ಕಟ್ಟಿರಿ, ಲಸಿಕೆ ಹಾಕಿಸಿರಿ. ಹೊರಡುವ ಮುಂಚೆ ಒಮ್ಮೆ ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ. ಹಸಿವು, ಜ್ವರ, ನೋವು, ಅಂಜಿಕೆ, ಯಾವುದೇ ಇರಲಿ, ಅದನ್ನು ಬಾಯಿಬಿಟ್ಟು ಹೇಳುವ ರೂಢಿಯನ್ನು ಮನೆಯಲ್ಲೇ ಮಾಡಿಸಿರಿ. ಹೇಳಿದಾಗ ಬೈಯಬೇಡಿರಿ, ನಗಬೇಡಿರಿ. ನಿಮ್ಮ ಮಗುವಿನ ಬಗ್ಗೆ ನಿಮಗೆ ಎಲ್ಲ ಗೊತ್ತಿದೆ ಎಂದು ಅನಿಸುತ್ತಿದ್ದರೆ, ಇವತ್ತೇ ಕೈಯಲ್ಲಿನ ಕೆಲಸ ಒಂದು ಗಳಿಗೆ ನಿಲ್ಲಿಸಿರಿ. ಹತ್ತಿರ ಕೂತು ಕೇಳಿರಿ.