ಸ್ಟಾರ್ಟ್ ಆಗದ ಜೀಪು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಜೀಪು ಮತ್ತೆ ಸ್ಟಾರ್ಟ್ ಆಗಲಿಲ್ಲ.

ಟೈಲರಮ್ಮ ಕೀಲಿ ತಿರುಗಿಸಿ ಹಿಡಿದಳು. ಸ್ಟಾರ್ಟರ್ ಗರಗರ ತಿರುಗಿತು, ಇಂಜಿನ್ ಮೈ ಕುಲುಕಿತು, ಶೆಡ್ಡಿನ ತಗಡು ನಡುಗಿತು. ಅಷ್ಟೇ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ ಗಂಡ ವೈದ್ಯರ ಗತ್ತಿನಲ್ಲಿ ತಲೆಯಾಡಿಸಿದ.

"ಕಾರ್ಬುರೇಟರ್," ಎಂದ.

"ಹೋದ ವಾರ ಪೆಟ್ರೋಲ್ ಎಳೆಯೋ ಪಂಪ್ ಅಂದ್ರಿ."

"ಹೋದ ವಾರ ಪಂಪೇ. ಈ ವಾರ ಕಾರ್ಬುರೇಟರ್."

"ಅದರ ಹಿಂದಿನ ವಾರ ಬ್ಯಾಟರಿ ಅಂದ್ರಿ."

"ಹಳೇ ಗಾಡಿ ಕಣೇ. ವಯಸ್ಸಾದ ಮೇಲೆ ಮೈಯೆಲ್ಲ ಒಂದೇ ದಿನ ನೋಯುತ್ತಾ? ದಿನಕ್ಕೊಂದು ಕಡೆ."

ಅವಳು ಸ್ಪ್ಯಾನರ್ ಎತ್ತಿಕೊಂಡು ಬಾನೆಟ್ಟಿನ ಕೆಳಗೆ ಬಗ್ಗಿದಳು.

ಆ ಜೀಪನ್ನು ಅವನು ವಿದ್ಯುತ್ ಇಲಾಖೆಯಲ್ಲಿ ಇಡೀ ನೌಕರಿಯುದ್ದಕ್ಕೂ ಓಡಿಸಿದ್ದ. ತಂತಿ ಹರಿದು ಬಿದ್ದ ಕಡೆಗೆಲ್ಲ ಲೈನ್‌ಮನ್‌ಗಳನ್ನು, ಏಣಿಯನ್ನು ಹೇರಿಕೊಂಡು ಕೆಸರು, ಕಲ್ಲು, ದಿಬ್ಬ ನೋಡದೆ ಹೋಗುತ್ತಿದ್ದ ಗಾಡಿ. ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟರೆ ಗೋಡೆ ಹತ್ತುತ್ತದೆ ಎಂದು ಅವನು ಹೇಳುತ್ತಿದ್ದ. ಗೋಡೆ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಇಲಾಖೆ ಅದನ್ನು ಗುಜರಿಗೆ ಹಾಕಿದಾಗ ಹರಾಜಿನಲ್ಲಿ ಹಿಡಿದು ಮನೆಗೆ ತಂದ. ನಿವೃತ್ತಿಯಾದ ಮೇಲೆ ಬಿಚ್ಚಲು ಶುರುಮಾಡಿದ. ಪೂರ್ತಿ ಬಿಚ್ಚಿ, ಬೋಲ್ಟುಗಳನ್ನೆಲ್ಲ ಡಬ್ಬಗಳಿಗೆ ತುಂಬಿ, ಇನ್ನು ಜೋಡಿಸಬೇಕು ಅನ್ನುವ ಹೊತ್ತಿಗೆ ಎಡಗಾಲಿನ ಮಂಡಿ ಕೈಕೊಟ್ಟಿತು. ಮಂಡಿ ಬದಲಾಯಿಸಿದ ಡಾಕ್ಟರು, ಮೂರು ತಿಂಗಳು ಕ್ಲಚ್ ಮುಟ್ಟಬೇಡಿ, ಆಮೇಲೆ ನೋಡೋಣ ಎಂದರು.

ಹಾಗಾಗಿ ಜೋಡಿಸುವ ಕೆಲಸ ಟೈಲರಮ್ಮನ ತಲೆಗೆ ಬಂತು. ಹೊಲಿಗೆ ಯಂತ್ರಗಳನ್ನು ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿದ ಕೈ ಅದು. ನಟ್ಟು ಬೋಲ್ಟಿಗೆ ಹೆದರಲಿಲ್ಲ. ಗಾಡಿಯ ಕೆಳಗೆ ಮಲಗುವ ಕೆಲಸವೆಲ್ಲ ಅವಳದು, ಕೂತು ಮಾಡುವ ಕೆಲಸವೆಲ್ಲ ಅವನದು ಎಂದು ಪಾಲಾಯಿತು. ಅವಳು ಬ್ರೇಕ್ ಪೈಪುಗಳನ್ನು ಹೊಸದಾಗಿ ಹಾಕಿದಳು, ತುಕ್ಕು ಉಜ್ಜಿ ಬಣ್ಣ ಬಳಿದಳು. ಮೇಲಿನ ಕ್ಯಾನ್ವಾಸ್ ಹೊದಿಕೆಯನ್ನು ತನ್ನ ದೊಡ್ಡ ಯಂತ್ರದಲ್ಲೇ ಹೊಲಿದಳು. ಸೂಜಿ ಮುರಿದಾಗಲೆಲ್ಲ ಜೀಪಿಗೂ ಅದನ್ನು ತಂದವನಿಗೂ ಸೇರಿಸಿ ಬೈದಳು.

ಬೈದರೂ ಬಿಡಲಿಲ್ಲ. ಅವಳಿಗೆ ಬೆಟ್ಟದ ಮೇಲಿನ ಅಕ್ಕನ ಮನೆಗೆ ಹೋಗಬೇಕಿತ್ತು. ಹೋದ ಮಳೆಗೆ ರಸ್ತೆ ಕೊಚ್ಚಿಹೋದ ಮೇಲೆ ಬಸ್ಸು ಕೆಳಗೇ ನಿಲ್ಲುತ್ತಿತ್ತು. ಶಾಲೆಗಳಿಗೆ ಸಮವಸ್ತ್ರ ಸಾಗಿಸುವ ಅವಳ ಪುಟ್ಟ ವ್ಯಾನು ಮೊದಲ ತಿರುವಿನಲ್ಲೇ ನೆಲಕ್ಕೆ ಹೊಟ್ಟೆ ಕೊಟ್ಟು ಕೂತಿತ್ತು. ತಾಯಿಯಂತೆ ಸಾಕಿದ ಅಕ್ಕ. ಅವಳ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು, ಔಷಧಿಗೆ ಬಗ್ಗುವ ಕಾಯಿಲೆಯಲ್ಲ. "ನಿನ್ನ ಮುಖ ಕಾಣೋ ಅಷ್ಟು ದಿನದೊಳಗೆ ಬಾರೇ. ಆಮೇಲೆ ಬಂದ್ರೆ ಬರೀ ದನಿ ಕೇಳ್ಬೇಕು. ಅದು ಫೋನಲ್ಲೇ ಕೇಳತ್ತೆ," ಎಂದು ನಗುತ್ತಲೇ ಹೇಳುತ್ತಿದ್ದಳು. ಭಾನುವಾರ ಬರ್ತೀನಿ ಎಂದು ಟೈಲರಮ್ಮ ಮೂರು ಸಲ ಮಾತು ಕೊಟ್ಟಾಗಿತ್ತು.

ಕಾರ್ಬುರೇಟರ್ ಬಿಚ್ಚುವ ಮೊದಲು ಅವಳು ಒಂದು ಸ್ಪಾರ್ಕ್ ಪ್ಲಗ್ ತೆಗೆದು ನೋಡಿದಳು. ಪೆಟ್ರೋಲಿನಲ್ಲಿ ತೊಯ್ದಿತ್ತು. ಇನ್ನೊಂದು ತೆಗೆದಳು. ಅದೂ ಒದ್ದೆ.

"ರೀ, ಪೆಟ್ರೋಲ್ ಬರ್ತಾನೇ ಇದೆಯಲ್ಲ. ಬೆಂಕಿ ಬರ್ತಿಲ್ಲ."

"ಜಾಸ್ತಿ ಬರ್ತಿದೆ. ಅದಕ್ಕೇ ಹೇಳಿದ್ದು, ಕಾರ್ಬುರೇಟರ್."

"ಕರೆಂಟ್ ಹಂಚೋ ಡಬ್ಬ ತೆಗೆದು ನೋಡ್ಲಾ?"

"ಡಿಸ್ಟ್ರಿಬ್ಯೂಟರಾ?" ಅವನು ಕುರ್ಚಿಯಲ್ಲೇ ನೆಟ್ಟಗಾದ. "ಅದನ್ನ ಮಾತ್ರ ಮುಟ್ಟಬೇಡ. ನಾನೇ ನಿಂತು ಹಾಕಿದ್ದು. ಕೂದಲೆಳೆ ಆಚೀಚೆಯಾದ್ರೂ ಟೈಮಿಂಗ್ ಹಾಳಾಗತ್ತೆ."

"ಹೂಂ," ಎಂದಳು ಅವಳು.

ಅವನು ಕೋಲೂರಿಕೊಂಡು ಬಚ್ಚಲಿಗೆ ಹೋದ. ಅವಳು ಸ್ಕ್ರೂಡ್ರೈವರ್ ತುದಿಯಿಂದ ಎರಡು ಕ್ಲಿಪ್ ಎತ್ತಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು.

ಒಳಗೆ ಏನಿರಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಏನೋ ಇಲ್ಲ ಎನ್ನುವುದು ನೋಡುತ್ತಲೇ ತಿಳಿಯಿತು. ಮುಚ್ಚಳದ ಸುತ್ತ ನಾಲ್ಕು ಹಿತ್ತಾಳೆ ಮೊಳೆ, ನಡುವೆ ಒಂದು ಕರಿ ಗುಂಡಿ. ಕೆಳಗೆ ನಡುಮಧ್ಯೆ ಬೋಳು ಕಡ್ಡಿ. ಆ ಕಡ್ಡಿಯ ಮೇಲೆ ಕೂತು ತಿರುಗಿ, ನಡುವಿನ ಕರೆಂಟನ್ನು ಒಂದೊಂದು ಮೊಳೆಗೂ ಮುಟ್ಟಿಸುವಂಥದ್ದು ಏನೋ ಇರಲೇಬೇಕು. ಕೆಳದಾರ ಸುತ್ತಿದ ಬಾಬಿನ್ ಇಲ್ಲದ ಹೊಲಿಗೆ ಯಂತ್ರ ಹೀಗೇ ಇರುತ್ತದೆ. ಎಷ್ಟು ತುಳಿದರೂ ಸೂಜಿ ಮೇಲೆ ಕೆಳಗೆ ಆಡುತ್ತದೆ, ಹೊಲಿಗೆ ಬೀಳುವುದಿಲ್ಲ.

ಬಾಬಿನ್ ತಾನಾಗಿ ಎದ್ದು ಹೋಗುವುದಿಲ್ಲ. ಯಾರಾದರೂ ತೆಗೆಯಬೇಕು.

ಅವನು ಬಚ್ಚಲಿಂದ ಬಂದಾಗ ಅವಳು ಮುಚ್ಚಳವನ್ನು ಕೈಯಲ್ಲಿ ಹಿಡಿದು ಹಜಾರದ ಮಧ್ಯೆ ನಿಂತಿದ್ದಳು.

"ಎಲ್ಲಿಟ್ಟಿದ್ದೀರಿ?"

"ಏನನ್ನ?"

"ರೀ."

ಅವನು ಗೋಡೆ ಹಿಡಿದುಕೊಂಡ. ಸುಳ್ಳು ಹೇಳಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ.

"ನಿನ್ನ ನೋಡೇ ಕಲಿತಿದ್ದು," ಎಂದ ಕೊನೆಗೆ. "ನನ್ನ ತಂಗಿ ಬಂದಾಗೆಲ್ಲ ನೀನು ಬಾಬಿನ್ ಕೇಸ್ ಬಿಚ್ಚಿ ಬೀರುಗೆ ಹಾಕಿ ಬೀಗ ಹಾಕ್ತಿದ್ದೆ. ಮಿಷನ್ ಯಾಕೋ ಓಡ್ತಿಲ್ಲ ಕಣಮ್ಮ ಅಂತಿದ್ದೆ."

"ಅವಳು ಕೂತ್ರೆ ಸೂಜಿ ಮುರೀತಿದ್ಳು."

"ನೀನು ಕೂತ್ರೆ ಗೇರ್ ಮುರಿಯಲ್ವಾ?"

ಅವಳು ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ.

"ಮೂರು ಭಾನುವಾರ ಪಂಪು, ಬ್ಯಾಟರಿ ಅಂತ ಗ್ರೀಸಲ್ಲಿ ಉರುಳಾಡಿಸಿದ್ರಿ. ಅದು ಹೋಗ್ಲಿ. ಅಕ್ಕನಿಗೆ ಪ್ರತಿ ಸಲ ಫೋನ್ ಮಾಡಿ, ಈ ಸಲ ಆಗ್ಲಿಲ್ಲ ಕಣೇ ಅಂದಿದ್ದು ನಾನು. ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಲ್ಲ?"

"ಇನ್ನೊಂದು ತಿಂಗಳು ತಡೆದಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ."

"ಡಾಕ್ಟರ್ ಹಾಗಂದ್ರಾ?"

"ನೋಡೋಣ ಅಂದ್ರು." ಅವನು ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದ. "ಆ ನೋಡೋಣ ಎಂಥದ್ದು ಅಂತ ನಂಗೆ ಗೊತ್ತಿಲ್ವಾ? ನಮ್ಮ ಸಾಹೇಬ್ರೂ ಕರೆಂಟ್ ಯಾವಾಗ ಬರತ್ತೆ ಅಂದ್ರೆ ನೋಡೋಣ ಅಂತಿದ್ರು. ಜೀಪ್ ರೆಡಿಯಾಗಿ, ನೀನು ಸ್ಟೀರಿಂಗ್ ಹಿಡಿದು ಗೇಟ್ ದಾಟಿದ್ರೆ ಮುಗೀತು. ಆಮೇಲೆ ಆ ಗಾಡೀಲಿ ನಂದೇನು ಕೆಲಸ?"

ಅವಳು ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿ, ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಗೆ ಹೋದಳು. ರಜಾದಿನ, ಶಟರ್ ಎತ್ತಿರಲಿಲ್ಲ. ದೀಪ ಹಾಕಿ, ಅರ್ಧಕ್ಕೆ ನಿಂತಿದ್ದ ಶಾಲೆಯ ಚಡ್ಡಿಯೊಂದನ್ನು ಯಂತ್ರದ ಕೆಳಗೆ ತಳ್ಳಿ ತುಳಿಯತೊಡಗಿದಳು. ಆ ಸದ್ದು ಮನೆಯೆಲ್ಲ ಕೇಳಿಸಿತು. ಸಿಟ್ಟು ಬಂದಾಗ ಅವಳ ಹೊಲಿಗೆ ಇನ್ನೂ ನೇರವಾಗಿ ಬೀಳುತ್ತದೆ ಎಂಬುದು ಬೀದಿಗೇ ಗೊತ್ತಿದ್ದ ಸಂಗತಿ.

ಸ್ವಲ್ಪ ಹೊತ್ತಿಗೆ ಕೋಲಿನ ಟಕ್ ಟಕ್ ಹತ್ತಿರ ಬಂತು. ಅಂಗಡಿಗೂ ಮನೆಗೂ ನಡುವೆ ಎತ್ತರದ ಮೆಟ್ಟಿಲಿದೆ. ಆಪರೇಷನ್ ಆದಮೇಲೆ ಅವನು ಅದನ್ನು ಇಳಿದಿರಲಿಲ್ಲ. ಅವಳಿಗೆ ಎದ್ದು ಕೈ ಕೊಡಬೇಕು ಅನ್ನಿಸಿತು. ಏಳಲಿಲ್ಲ. ಅವನು ಉಸಿರು ಬಿಗಿಹಿಡಿದು ಇಳಿದು ಬಂದು, ಬಟ್ಟೆಯ ಅಂಚಿಗೆ ತಾಗಿದಂತೆ ಒಂದು ಪುಟ್ಟ ಕಂದು ವಸ್ತುವನ್ನು ಇಟ್ಟ. ಹೆಬ್ಬೆರಳಿನಷ್ಟಿತ್ತು, ನೆತ್ತಿಯ ಮೇಲೆ ಹಿತ್ತಾಳೆ ಪಟ್ಟಿ.

"ರೋಟರ್," ಎಂದ.

ಅವಳು ಹೊಲಿಗೆ ಮುಗಿಸಿ, ದಾರ ಕತ್ತರಿಸಿ, ಆಮೇಲೆ ಅದನ್ನು ಎತ್ತಿಕೊಂಡಳು.

"ನೀವೇ ಹಾಕಿ."

"ನೀನೇ ಹಾಕು. ತಪ್ಪಾಗಿ ಹಾಕ್ತೀನಿ ಅಂದ್ರೂ ಕೂರಲ್ಲ ಅದು."

"ಆ ದಿಬ್ಬ ಹತ್ತೋದು ನಂಗೆ ಬರಲ್ಲ. ಯಾವಾಗ ಎರಡನೇ ಲಿವರ್ ಎಳೀಬೇಕು, ಎಷ್ಟು ಆಕ್ಸಿಲರೇಟರ್ ಕೊಡಬೇಕು, ಒಂದೂ ಗೊತ್ತಿಲ್ಲ," ಎಂದಳು ಅವಳು, ರೋಟರನ್ನೇ ನೋಡುತ್ತ. "ನೀವು ಬರ್ತೀರೋ, ಇಲ್ಲ ವಿದ್ಯುತ್ ಇಲಾಖೆಯಿಂದ ಯಾರನ್ನಾದ್ರೂ ಕರೀಲೋ?"

ಹನ್ನೊಂದಕ್ಕೆ ಇಂಜಿನ್ ಹಿಡಿಯಿತು. ಶೆಡ್ಡಿನ ತುಂಬ ನೀಲಿ ಹೊಗೆ ಎದ್ದಿತು, ಪಕ್ಕದ ಮನೆಯ ಮುದುಕ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನಮ್ಮಾ, ಬೆಂಕಿ ಬಿತ್ತಾ?" ಎಂದು ಕೂಗಿದ. "ಈಗ ಬಂತು ನೋಡಿ!" ಎಂದು ಇವಳೂ ಕೂಗಿದಳು.

ಬೆಟ್ಟದ ಬುಡದವರೆಗೆ ಅವನು ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಲೇ ಬಂದ. ಟಾರು ಮುಗಿದಲ್ಲಿ ಅವಳು ಕ್ಲಚ್ ಒತ್ತಿದಳು, ಅವನು ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಎರಡನೇ ಲಿವರನ್ನು ಎಳೆದ. ಮೊದಲ ತಿರುವಿನಲ್ಲಿ ಜೀಪು ಹಿಂದಿನ ಚಕ್ರಗಳನ್ನು ಗಿರ್ರನೆ ತಿರುಗಿಸಿ, ಜಲ್ಲಿಕಲ್ಲು ಸಿಡಿಸಿ, ನಿಂತುಬಿಟ್ಟಿತು.

"ಗೋಡೆ ಹತ್ತತ್ತೆ ಅಂದ್ರಿ."

"ಹಬ್ ಲಾಕ್ ಮಾಡಿದ್ಯಾ?"

"ಯಾವ ಹಬ್?"

ಅವನು ಹಣೆ ಚಚ್ಚಿಕೊಂಡ. ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇರುವ ತಿರುಗುಗುಂಡಿಯನ್ನು ಕೈಯಿಂದ ತಿರುಗಿಸಿ ಬಿಗಿದರೆ ಮಾತ್ರ ಅವಕ್ಕೆ ಎಳೆತ ಸಿಗುವುದು. ಇಡೀ ನೌಕರಿಯಲ್ಲಿ ಆ ಕೆಲಸಕ್ಕೆ ಲೈನ್‌ಮನ್‌ಗಳು ಇಳಿಯುತ್ತಿದ್ದರು. ಡ್ರೈವರ್ ಕೂತಲ್ಲಿಂದ ಕದಲುತ್ತಿರಲಿಲ್ಲ. ಹಾಗಾಗಿ ಅವನಿಗೆ ಅದು ನೆನಪಿಗೇ ಬಂದಿರಲಿಲ್ಲ.

"ನೀನು ಬ್ರೇಕ್ ಬಿಡಬೇಡ," ಎಂದು ಅವನು ಕೋಲು ತೆಗೆದುಕೊಂಡ. ಕಾಲನ್ನು ನಿಧಾನಕ್ಕೆ ಇಳಿಸಿ, ಮಡ್‌ಗಾರ್ಡ್ ಹಿಡಿದು ಒಂದು ಕಡೆಯದನ್ನು ತಿರುಗಿಸಿದ, ಬಾನೆಟ್ಟಿನ ಮೇಲೆ ಕೈಯಿಟ್ಟು ಮುಂದಿನಿಂದ ಬಳಸಿ ಹೋಗಿ ಇನ್ನೊಂದನ್ನು. ಮತ್ತೆ ಹತ್ತಿ ಕೂರುವ ಹೊತ್ತಿಗೆ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಹೂಂ. ಈಗ ನಿಧಾನಕ್ಕೆ. ಬೆಣ್ಣೆ ಮೇಲೆ ಕಾಲಿಟ್ಟ ಹಾಗೆ."

ಜೀಪು ಒಮ್ಮೆ ಅಲುಗಿ, ಮುಂದಿನ ಚಕ್ರಗಳಿಂದ ನೆಲ ಕಚ್ಚಿಕೊಂಡು ಹತ್ತಿತು.

ಅಕ್ಕ ಗೇಟಿನಲ್ಲೇ ನಿಂತಿದ್ದಳು; ಸದ್ದು ಬಹಳ ಕೆಳಗಿನಿಂದಲೇ ಕೇಳಿತ್ತಂತೆ. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಹತ್ತಿರ, ಇನ್ನೂ ಹತ್ತಿರ ತಂದುಕೊಂಡು ನೋಡಿದಳು.

"ಕೆನ್ನೆಗೆ ಏನೇ ಇದು, ಮಸಿ?"

"ಗ್ರೀಸು."

"ಕಾಣ್ತು ಬಿಡು," ಎಂದಳು ಅಕ್ಕ. ಕೈ ತೆಗೆಯಲಿಲ್ಲ.

ಆ ರಾತ್ರಿ ಅವರು ಅಲ್ಲೇ ಉಳಿದರು. ಟೈಲರ್ ಅಂಗಡಿ ಸೋಮವಾರ ಮಧ್ಯಾಹ್ನದ ಮೇಲೆ ತೆರೆಯಿತು.