ಹಸಿರು ಚುಕ್ಕಿಗೆ ಉಸಿರಿಲ್ಲ

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳು ಅವು. ರೋಗ ಹೊರಗೆ ಓಡಾಡುತ್ತಿತ್ತು, ಜನ ಒಳಗಿದ್ದರು. ಕಂಪ್ಯೂಟರ್ ಕೆಲಸದವರಿಗಂತೂ ಮನೆಯೇ ಕಚೇರಿ, ಊಟದ ಮೇಜೇ ಕಚೇರಿಯ ಮೇಜು. ಒಂದು ಕಡೆ ಕುಕ್ಕರ್ ಕೂಗುತ್ತಿತ್ತು, ಇನ್ನೊಂದು ಕಡೆ ಮೀಟಿಂಗ್ ನಡೆಯುತ್ತಿತ್ತು.

ಅಂಥ ಒಂದು ತಂಡಕ್ಕೆ ಮುಖ್ಯಸ್ಥೆ, ಅಂದರೆ 'ಟೀಮ್ ಲೀಡ್' ಆಗಿದ್ದವಳನ್ನು ಜೊತೆಯವರು ಲೀಡಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಅವಳೇ ಕೇಳಿ ನಕ್ಕ ಮೇಲೆ ಎದುರಿಗೂ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

ಅವರ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕಿ ಇರುತ್ತಿತ್ತು. ಕೂತು ಕೆಲಸ ಮಾಡುತ್ತಿದ್ದರೆ ಹಸಿರು. ಸ್ವಲ್ಪ ಹೊತ್ತು ಮೌಸ್ ಅಲ್ಲಾಡಿಸದಿದ್ದರೆ ಹಳದಿ. ಕಂಪನಿಯ ಮೇಲಿನವರು ಈ ಹಳದಿಯ ಮೇಲೆ ಕಣ್ಣಿಟ್ಟಿದ್ದರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬ ಮಾತು ಆಗಲೇ ಎದ್ದಿತ್ತು. ಹಾಲು ಉಕ್ಕಿದರೂ ಒಲೆಯ ಹತ್ತಿರ ಓಡಲು ಜನ ಹೆದರುತ್ತಿದ್ದರು.

ಲೀಡಮ್ಮ ಇದಕ್ಕೆ ಉಪಾಯ ಕಂಡುಹಿಡಿದಳು. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು, ಅದರ ಮುಖದ ಮೇಲೆ ಮೌಸನ್ನು ಕೂರಿಸಿದಳು. ಕೆಳಗೆ ಸೆಕೆಂಡಿನ ಮುಳ್ಳು ತಿರುಗಿದಂತೆಲ್ಲ ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಅಲ್ಲಾಡಿತು. ಚುಕ್ಕಿ ಹಸಿರಾಗಿಯೇ ಉಳಿಯಿತು.

"ನೋಡ್ರಪ್ಪಾ, ಇನ್ಮೇಲೆ ನೆಮ್ಮದಿಯಾಗಿ ಸ್ನಾನ ಮಾಡಿ!" ಎಂದು ಮೀಟಿಂಗಿನಲ್ಲಿ ತೋರಿಸಿಕೊಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ತಂಡದಲ್ಲಿ ಎಲ್ಲರಿಗಿಂತ ಹಿರಿಯನೊಬ್ಬನಿದ್ದ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಗಡ್ಡ ಅಲ್ಲಲ್ಲಿ ನೆರೆತಿತ್ತು ಅಷ್ಟೆ, ಅಷ್ಟಕ್ಕೇ ಅವನಿಗೆ 'ತಾತ' ಎಂಬ ಹೆಸರು ಬಿದ್ದಿತ್ತು. ಹೆಂಡತಿ, ಮಗಳು ತವರಿಗೆಂದು ಬೇರೆ ಊರಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಅವನೊಬ್ಬನೇ ಮನೆಯಲ್ಲಿದ್ದ.

"ತಾತಾ, ನಿಮಗೆ ಗಡಿಯಾರದ ಉಪಾಯ ಗೊತ್ತಾಯ್ತಾ? ಇಲ್ಲಾಂದ್ರೆ ಕಂಪನಿಯವರು ನಿಮ್ಮನ್ನೇ ಮೊದಲು ಮನೆಗೆ ಕಳಿಸ್ತಾರೆ ನೋಡಿ!" ಎಂದಿದ್ದಳು ಲೀಡಮ್ಮ.

"ಮನೇಲೇ ಇದೀನಲ್ಲ ತಾಯಿ, ಇನ್ನೆಲ್ಲಿಗೆ ಕಳಿಸ್ತಾರೆ?" ಎಂದು ಅವನೂ ನಕ್ಕಿದ್ದ.

ತಮಾಷೆ ಅಲ್ಲಿಗೆ ಮುಗಿಯಿತು ಎಂದುಕೊಂಡಳು ಅವಳು.

ಲೀಡಮ್ಮನ ಅಕ್ಕ ಆಸ್ಪತ್ರೆಯಲ್ಲಿ ನರ್ಸು. ತನ್ನಿಂದ ತಂಗಿಗೆ ಅಂಟಬಾರದೆಂದು ಮುಂದಿನ ಕೋಣೆಯಲ್ಲಿ ಬೇರೆಯಾಗಿ ಇದ್ದಳು. ತಂಗಿ ಬಾಗಿಲ ಹೊರಗೆ ಸ್ಟೂಲಿನ ಮೇಲೆ ತಟ್ಟೆ ಇಟ್ಟು ದೂರ ಸರಿಯಬೇಕು, ಆಮೇಲೆ ಅಕ್ಕ ತೆಗೆದುಕೊಳ್ಳಬೇಕು. ಅಕ್ಕತಂಗಿಯರ ಮಾತೆಲ್ಲ ಮುಚ್ಚಿದ ಬಾಗಿಲ ಮೂಲಕವೇ.

ಒಂದು ಮಧ್ಯಾಹ್ನ ತಟ್ಟೆ ತಂದಿಟ್ಟ ಲೀಡಮ್ಮ ಫೋನ್ ಕುಟ್ಟುತ್ತಾ ಗೊಣಗುತ್ತಿದ್ದಳು.

"ಯಾರ ಮೇಲೆ ಸಿಟ್ಟು?" ಬಾಗಿಲ ಆಚೆಯಿಂದ ಅಕ್ಕ ಕೇಳಿದಳು.

"ನಮ್ಮ ತಾತನ ಮೇಲೆ ಅಕ್ಕಾ. ಕೆಲಸ ಒಂದಿಂಚು ಮುಂದಕ್ಕೆ ಹೋಗಿಲ್ಲ. ಕೇಳಿದ್ರೆ 'ಆಯ್ತು' ಅಂತ ಬರೀತಿದ್ರು. ಇವತ್ತು ಅದೂ ಇಲ್ಲ. ಮೀಟಿಂಗಲ್ಲಿ ಮುಖ ತೋರಿಸಲ್ಲ, ಬಾಯಿ ಬಿಡಲ್ಲ."

"ಹುಷಾರಾಗಿದಾರಾ?"

"ಏನಾಗಿದೆ ಅವರಿಗೆ? ಬೆಳಿಗ್ಗೆಯಿಂದ ಹಸಿರಾಗೇ ಇದಾರೆ."

"ಹಸಿರಾ? ಅವರೇನು ಸೊಪ್ಪಾ?"

ಲೀಡಮ್ಮ ನಕ್ಕು ಚುಕ್ಕಿಯ ವಿಷಯ ಹೇಳಿದಳು. ಅಕ್ಕ ನಗಲಿಲ್ಲ.

"ಅವರ ಧ್ವನಿ ಕೇಳಿ ಎಷ್ಟು ದಿನ ಆಯ್ತು?"

"ಎಲ್ಲಾ ಬರೆದೇ ಮಾತಾಡೋದಲ್ವಾ ನಾವು. ಕೂತಿದಾರೆ ಅಂತ ಚುಕ್ಕಿ ತೋರಿಸ್ತಿದೆಯಲ್ಲ, ಸಾಲದಾ?"

"ನೀನೀಗ ಎಲ್ಲಿ ನಿಂತಿದೀಯ?"

"ನಿನ್ನ ಬಾಗಿಲ ಮುಂದೆ."

"ಹಾಗಾದ್ರೆ ನಿನ್ನ ಚುಕ್ಕಿ ಈಗ ಯಾವ ಬಣ್ಣ?"

ಲೀಡಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಊಟದ ಮೇಜಿನ ಮೇಲೆ ಅವಳ ಮೌಸು ಅವಳ ಗಡಿಯಾರದ ಮೇಲೆ ಕೂತಿತ್ತು. ಅವಳ ಚುಕ್ಕಿ ಹಸಿರಾಗಿಯೇ ಇತ್ತು.



"ಫೋನ್ ಮಾಡು. ಬರೀಬೇಡ, ಮಾತಾಡು. ನನಗೂ ಕೇಳೋ ಹಾಗೆ ಮಾಡು," ಎಂದಳು ಅಕ್ಕ.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ತುಂಬಾ ಹೊತ್ತು ರಿಂಗ್ ಆದ ಮೇಲೆ ತಾತ ಎತ್ತಿದ.

"ಏನಿಲ್ಲ ತಾಯಿ... ಸ್ವಲ್ಪ... ಜ್ವರ... ಸಂಜೆ... ಮುಗಿಸ್ಕೊಡ್ತೀನಿ..."

ಪದಕ್ಕೊಂದು ಉಸಿರು. ಬಾಗಿಲ ಆಚೆಯಿಂದ ಅಕ್ಕ ಗಟ್ಟಿಯಾಗಿ ಕೇಳಿದಳು:

"ಅಣ್ಣಾ, ನಾನು ಆಸ್ಪತ್ರೆ ನರ್ಸು. ನಿಮ್ಮ ಮನೆ ವಿಳಾಸ ಒಂದೇ ಉಸಿರಿಗೆ ಹೇಳಿ ನೋಡೋಣ."

ತಾತ ಶುರುಮಾಡಿದ. ಮನೆ ಸಂಖ್ಯೆ ಹೇಳಿದ. ಅಲ್ಲಿಗೇ ಕೆಮ್ಮು ಬಂತು. ಬೀದಿಯ ಹೆಸರು ಬರಲೇ ಇಲ್ಲ.

"ಆಂಬುಲೆನ್ಸ್‌ಗೆ ಈಗಲೇ ಹೇಳ್ತೀನಿ. ಯಾವ ಬೀದಿ ಅದು?" ಅಕ್ಕ ತಂಗಿಯನ್ನು ಕೇಳಿದಳು.

ಲೀಡಮ್ಮನಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಎದುರು ಬದುರು ಕೂತು ಕೆಲಸ ಮಾಡಿದ ಮನುಷ್ಯ. ಅವನು ಹುಡುಕಿದ ತಪ್ಪುಗಳೆಲ್ಲ ಅವಳಿಗೆ ಬಾಯಿಪಾಠ. ಅವನ ಬೀದಿ ಯಾವುದೆಂದು ಒಂದು ದಿನವೂ ಕೇಳಿರಲಿಲ್ಲ.

ಅವನ ಹೆಂಡತಿಯ ನಂಬರ್ ಹುಡುಕಿ ಫೋನ್ ಮಾಡಿದಳು. ಆಕೆ ಬೀದಿಯ ಹೆಸರು ಹೇಳಿದಳು, ಕೆಳಗಿನ ಮನೆಯ ಟೈಲರ್ ಹತ್ತಿರ ಇನ್ನೊಂದು ಬೀಗದ ಕೈ ಇದೆ ಎಂದು ಅವನ ನಂಬರನ್ನೂ ಕೊಟ್ಟಳು. ಆಮೇಲೆ ಅಳುತ್ತಾ ಕೇಳಿದಳು:

"ನಮಗೆ ದಿನಾ 'ಚೆನ್ನಾಗಿದೀನಿ' ಅಂತ ಬರೀತಿದ್ರು. ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಜೊತೇಲೇ ಕೆಲಸ ಮಾಡೋರು. ಏನಾದ್ರೂ ಆಗಿದ್ರೆ ನಿಮಗೆ ಗೊತ್ತಾಗುತ್ತೆ ಅಂತ ಧೈರ್ಯವಾಗಿದ್ದೆ. ಗೊತ್ತಾಗಲಿಲ್ವಾ?"

ಲೀಡಮ್ಮ ಬೀದಿಯ ಹೆಸರನ್ನು ಅಕ್ಕನಿಗೆ ಕೂಗಿ ಹೇಳಿ, ಟೈಲರ್‌ಗೆ ಫೋನ್ ಮಾಡಿದಳು.

ಟೈಲರ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀಗ ತೆಗೆದು ದೂರ ನಿಂತ. ಆಂಬುಲೆನ್ಸಿನವರು ಬಂದು ತಾತನ ಮೂಗಿಗೆ ಆಮ್ಲಜನಕ ಹಾಕಿ ಎತ್ತಿಕೊಂಡು ಹೋದರು. ಅದೆಲ್ಲವನ್ನೂ ಟೈಲರ್ ಫೋನಿನ ವಿಡಿಯೋದಲ್ಲಿ ಲೀಡಮ್ಮನಿಗೆ ತೋರಿಸುತ್ತಿದ್ದ. ಕೊನೆಗೆ ಹೊಸ್ತಿಲಲ್ಲೇ ನಿಂತು ಕೇಳಿದ:

"ಮೇಡಂ, ಕಂಪ್ಯೂಟರ್ ಓಡ್ತಾನೇ ಇದೆ. ಆರಿಸ್ಲಾ?"

ಬಾಗಿಲ ಪಕ್ಕದಲ್ಲೇ ಮೇಜಿತ್ತು. ಪರದೆಯ ಮೇಲೆ ಬಾಣದ ಗುರುತು ತನ್ನಷ್ಟಕ್ಕೆ ತಾನು ನಡುಗುತ್ತಿತ್ತು. ಮೌಸಿನ ಕೆಳಗೆ ಕೈಗಡಿಯಾರ. ತಂಡದವರೆಲ್ಲ ಸೇರಿ ಅವನಿಗೆ ಉಡುಗೊರೆ ಕೊಟ್ಟಿದ್ದ ಗಡಿಯಾರವೇ ಅದು. ಪರದೆಯಲ್ಲಿ ಅವಳೇ ಬರೆದು ಕಳಿಸಿದ ಸಾಲು ಹಾಗೇ ತೆರೆದಿತ್ತು: "ತಾತಾ, ಹಸಿರಿದ್ದೀರಲ್ಲ, ಉತ್ತರ ಯಾಕಿಲ್ಲ?"

"ಆರಿಸಿ," ಎಂದಳು.

ಆಮೇಲೆ ಅಕ್ಕನ ಬಾಗಿಲ ಮುಂದೆ ನೆಲದ ಮೇಲೆ ಕುಸಿದು ಕೂತಳು. "ನಾನೇ ಕಲಿಸಿದ್ದು ಅಕ್ಕಾ. ಮನೆಗೆ ಕಳಿಸ್ತಾರೆ ಅಂತ ಹೆದರಿಸಿದ್ದೂ ನಾನೇ. ಯಾವ ಮುಖ ಇಟ್ಕೊಂಡು ಅವರ ಹೆಂಡತಿ ಹತ್ತಿರ ಮಾತಾಡಲಿ?"

"ಈ ಮುಖಾನೇ ಇಟ್ಕೊಂಡು ಮಾತಾಡು, ಬೇರೆ ಎಲ್ಲಿಂದ ತರ್ತೀಯ?" ಎಂದಳು ಅಕ್ಕ. "ಅಳೋದು ಆಮೇಲೆ ಅಳು. ನಿನ್ನ ತಂಡದ ಉಳಿದವರಿಗೆ ಫೋನ್ ಮಾಡಿದೀಯಾ?"

ಮಾರನೆಯ ಬೆಳಿಗ್ಗೆ ಮೀಟಿಂಗಿನಲ್ಲಿ ಲೀಡಮ್ಮ ಎಲ್ಲರ ಕ್ಯಾಮೆರಾ ತೆರೆಸಿದಳು. ನಡೆದದ್ದನ್ನು ಒಂದನ್ನೂ ಮುಚ್ಚಿಡದೆ ಹೇಳಿದಳು. ತನ್ನ ಗಡಿಯಾರವನ್ನು ಎತ್ತಿ ತೋರಿಸಿ ಮಣಿಕಟ್ಟಿಗೆ ಕಟ್ಟಿಕೊಂಡಳು.

ಒಬ್ಬಳು ಕೆಳಗೆ ನೋಡುತ್ತಾ ತನ್ನ ಗಡಿಯಾರ ಎತ್ತಿದಳು. ಇನ್ನೊಬ್ಬನೂ ಎತ್ತಿದ. ಮತ್ತೊಬ್ಬನ ಕೈಯಲ್ಲಿ ಗೋಡೆ ಗಡಿಯಾರವೇ ಇತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗೋಡೆ ಗಡಿಯಾರದವನು ಮೆಲ್ಲಗೆ ಹೇಳಿದ: "ನಮ್ಮಮ್ಮಂಗೆ ಮೊನ್ನೆಯಿಂದ ಜ್ವರ. ನಾನೇ ನೋಡ್ಕೋತಿದೀನಿ. ಹೇಳಿದ್ರೆ ರಜಾ ಕೇಳ್ತಾನೆ ಅಂದ್ಕೋತೀರೇನೋ ಅಂತ..."

"ಅಂದ್ಕೋತಿದ್ದೆ," ಎಂದಳು ಲೀಡಮ್ಮ. "ಅದೇ ನನ್ನ ತಪ್ಪು. ನೀನು ಮೊದಲು ಎದ್ದು ಹೋಗು. ಚುಕ್ಕಿ ಹಳದಿಯಾಗಲಿ. ಮೇಲಿನವರಿಗೆ ಉತ್ತರ ನಾನು ಕೊಡ್ತೀನಿ."

ಮೇಲಿನವರು ಕೇಳಿದರು, ಅವಳು ಉತ್ತರ ಕೊಟ್ಟಳು. ಅದು ಸುಲಭವಾಗಿರಲಿಲ್ಲ. ಆದರೂ ಅಂದಿನಿಂದ ಆ ತಂಡದ ಮೀಟಿಂಗು ಕೆಲಸದ ಮಾತಿನಿಂದ ಶುರುವಾಗಲಿಲ್ಲ. ಪ್ರತಿಯೊಬ್ಬರೂ ಬಾಯಿಬಿಟ್ಟು, ಮನೆಯಲ್ಲಿ ಯಾರು ಹೇಗಿದ್ದಾರೆ ಎಂದು ಹೇಳಿದ ಮೇಲೆಯೇ ಮುಂದಿನ ಮಾತು. ಒಬ್ಬಂಟಿಯಾಗಿ ಇರುವವರಿಗೆ ಜೊತೆಯವರೊಬ್ಬರು ಬೆಳಿಗ್ಗೆ, ಸಂಜೆ ಫೋನ್ ಮಾಡುತ್ತಿದ್ದರು. ಎಲ್ಲರ ವಿಳಾಸವೂ ಇನ್ನೊಬ್ಬರಿಗೆ ಗೊತ್ತಿತ್ತು.

ತಾತ ಬದುಕಿ ಬಂದ. ಬಹಳ ದಿನ ಆಸ್ಪತ್ರೆಯಲ್ಲಿದ್ದ. ಈಗಲೂ ಮೆಟ್ಟಿಲು ಹತ್ತಿದರೆ ಅರ್ಧಕ್ಕೇ ನಿಲ್ಲುತ್ತಾನೆ. ಮನೆಗೆ ಬಂದ ದಿನ ಲೀಡಮ್ಮನಿಗೆ ಫೋನ್ ಮಾಡಿ ಅವನಾಡಿದ ಮೊದಲ ಮಾತು ಇದು: "ಬೇಜಾರು ಮಾಡ್ಕೋಬೇಡಿ ತಾಯಿ, ಆ ಕೆಲಸ ಹಾಗೇ ಉಳಿದುಬಿಡ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ಅವಳು ಇವತ್ತಿಗೂ ತಡೆದುಕೊಳ್ಳಲಾರಳು. ಅವನನ್ನು ತಾತ ಎಂದು ಕರೆಯುವುದನ್ನು ಅವತ್ತೇ ಬಿಟ್ಟಳು. ಈಗ ಅಣ್ಣ ಎನ್ನುತ್ತಾಳೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನಲ್ಲೂ ಇಂಥ ಚುಕ್ಕಿಗಳಿವೆ. 'ಈಗ ಇದ್ದಾರೆ' ಎಂದು ತೋರಿಸುತ್ತವೆ, ಹೇಗಿದ್ದಾರೆ ಎಂದು ಹೇಳುವುದಿಲ್ಲ. ಬರೆದು ಕೇಳಿ ಸುಮ್ಮನಾಗಬೇಡಿ, ಧ್ವನಿ ಕೇಳಿ. ಒಂದು ಇಡೀ ಮಾತನ್ನು ಹೇಳುವಷ್ಟರಲ್ಲಿ ಅವರ ಉಸಿರು ತುಂಡಾಗುತ್ತಿದ್ದರೆ, ಅಥವಾ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನಲ್ಲಿ ಅಂಕಿ ತೊಂಬತ್ನಾಲ್ಕಕ್ಕಿಂತ ಕೆಳಗಿದ್ದರೆ, ಸಂಜೆಯವರೆಗೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ತಿಳಿಸಿ. ಉಸಿರು ಸರಿಯಿದ್ದರೂ ಜ್ವರ ಬಿಡದಿದ್ದರೆ ವೈದ್ಯರನ್ನು ಕೇಳಿ. ನಿಮಗೇ ಜ್ವರ ಬಂದಿದ್ದರೆ ಬೇರೆ ಕೋಣೆಯಲ್ಲಿರಿ, ಆದರೆ ವಿಷಯ ಮುಚ್ಚಿಡಬೇಡಿ. ರೋಗ ಬರುವುದು ನಾಚಿಕೆಯಲ್ಲ. ನಾಲ್ಕು ಜನರ ಮೇಲೆ ಅಧಿಕಾರ ಇರುವವರಿಗೂ ಒಂದು ಮಾತು: ಕಾಯಿಲೆ ಹೇಳಿಕೊಳ್ಳಲು ಹೆದರುವಂತೆ ಯಾರನ್ನೂ ಇಟ್ಟುಕೊಳ್ಳಬೇಡಿ.

ಒಬ್ಬರೇ ಇರುವ ಯಾರದಾದರೂ ಮುಖ ಈಗ ನಿಮ್ಮ ನೆನಪಿಗೆ ಬಂದಿರಬೇಕು. ಈ ಹಾಳೆಯನ್ನು ಮಡಿಸಿಟ್ಟು ಅವರಿಗೆ ಫೋನ್ ಮಾಡಿ. ಮನೆ ಯಾವ ಬೀದಿಯಲ್ಲಿದೆ ಎಂದೂ ಕೇಳಿಕೊಳ್ಳಿ.