ಬಚ್ಚಲುಮನೆಯ ಕಂಬಿ

ನಮ್ಮ ಯಜಮಾನರಿಗೆ ಟಿಪ್ಸಪ್ಪ ಎಂದು ಹೆಸರಿಟ್ಟವಳು ನಮ್ಮ ಮಗಳು. ಹಬ್ಬಿಸಿದವರು ಬೀದಿಯವರು. ಯಾರ ಮನೆಯ ಗೋಡೆಗೆ ತೇವ ಹಿಡಿಯಲಿ, ಯಾರ ಕುಂಡದ ಗಿಡ ಬಾಡಲಿ, ಇವರು ಅಲ್ಲಿ ಹಾಜರು. ಮನೆ ಚಂದ ಮಾಡುವುದು ಹೇಗೆ, ತೋಟ ಚಂದ ಮಾಡುವುದು ಹೇಗೆ ಎನ್ನುವ ವಿಡಿಯೊಗಳನ್ನು ನೋಡಿ ನೋಡಿ ಇವರ ತಲೆಯೇ ಒಂದು ಹಾರ್ಡ್‌ವೇರ್ ಅಂಗಡಿಯಾಗಿದೆ. ನಮ್ಮ ಅಡುಗೆಮನೆಯ ನಲ್ಲಿ ಮಾತ್ರ ನಾನು ಈ ಮನೆಗೆ ಕಾಲಿಟ್ಟಾಗಿನಿಂದ ತೊಟ್ಟಿಕ್ಕುತ್ತಿದೆ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಪರಿಣತರನ್ನು ಕರೆಯಲು ನನಗೂ ಸಂಕೋಚ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವ ಮಟ್ಟಕ್ಕೆ ಬಂದರು. ಇನ್ನು ಹದಿನೈದು ದಿನಕ್ಕೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ ದಿನ, ಅತ್ತೆ ಮಗನನ್ನು ಹತ್ತಿರ ಕೂರಿಸಿಕೊಂಡರು.

"ನೋಡೋ, ನಂಗಿನ್ನೇನೂ ಬೇಡ. ಬಚ್ಚಲಲ್ಲಿ ಹಿಡ್ಕೊಂಡು ಏಳೋಕೆ ಒಂದು ಕಂಬಿ ಹಾಕ್ಸು. ಊಟ ಕೈಗೆ ತಂದ್ಕೊಡಿ, ಬಟ್ಟೆ ಒಗೆದ್ಕೊಡಿ, ಬೇಡ ಅನ್ನಲ್ಲ. ಅಲ್ಲಿಗೆ ಮಾತ್ರ ನಾನೊಬ್ಳೇ ಹೋಗ್ಬೇಕು. ಅಲ್ಲಿ ಯಾರೂ ನನ್ನ ಮುಟ್ಟಬಾರ್ದು."

ಅದನ್ನು ಯಾಕೆ ಹೇಳಿದರೆಂದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಆಯಾ ಮೊದಲ ಸಲ ತೋಳು ಹಿಡಿದು ಕಮೋಡಿನ ಮೇಲೆ ಕೂರಿಸಿದಾಗ, ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಿದ್ದರು. ಮಾವ ಹೋದಾಗಲೂ ನಾಲ್ಕು ಜನರ ಮುಂದೆ ಕಣ್ಣೀರು ಹಾಕದ ಹೆಂಗಸು.

"ಅಷ್ಟೇ ತಾನೇ? ನೀನು ಬರೋಷ್ಟರಲ್ಲಿ ನಿಂಗೆ ಮನೆ ಗುರುತೇ ಸಿಗಬಾರ್ದು, ಹಾಗ್ಮಾಡ್ತೀನಿ" ಎಂದರು ಟಿಪ್ಸಪ್ಪ. ಆಡಿದ ಮಾತನ್ನು ಅಕ್ಷರಶಃ ಉಳಿಸಿಕೊಂಡರು, ಪಾಪ.

ಮರುದಿನ ಬೆಳಿಗ್ಗೆ ಬಣ್ಣದ ಡಬ್ಬ ಹಿಡಿದು ಹೊರಟವರು ಸೀದಾ ಗೇಟಿನ ಬಳಿ ಹೋದರು.

"ರೀ, ಬಚ್ಚಲುಮನೆ ಈ ಕಡೆ ಇದೆ" ಎಂದೆ.

"ಯಾವತ್ತೂ ಗೇಟಿಂದಲೇ ಶುರು ಮಾಡ್ಬೇಕು ಕಣೇ. ಒಳಗೆ ಬರೋರ ಕಣ್ಣಿಗೆ ಮೊದ್ಲು ಬೀಳೋದು ಅದೇ."

"ಅತ್ತೆ ಗೇಟಲ್ಲಿ ಸ್ನಾನ ಮಾಡ್ತಾರಾ?"

"ನಿಂಗೆ ಇದೆಲ್ಲ ಅರ್ಥ ಆಗಲ್ಲ, ಬಿಡು."

ನಿಜ, ನನಗೆ ಅರ್ಥವಾಗುವುದಿಲ್ಲ. ಗೇಟಿನಿಂದ ಬಾಗಿಲವರೆಗೆ ಒಳ್ಳೆಯ ಸಿಮೆಂಟಿನ ದಾರಿಯಿತ್ತು. ಅದು ಸಪ್ಪೆಯಂತೆ. ಅದನ್ನು ಒಡೆದು ಹಾಕಿ, ನಡುನಡುವೆ ಚಪ್ಪಡಿ ಕಲ್ಲು ಕೂರಿಸಿ, ಸುತ್ತ ಬಿಳಿ ಬೆಣಚುಕಲ್ಲು ಸುರಿದರು. ಕಲ್ಲು ಎಲ್ಲೆಲ್ಲಿ ಇಡಬೇಕೆಂದು ತಿಳಿಯಲು ತಾವೇ ಗತ್ತಿನಿಂದ ನಡೆದು ನೋಡಿದರು. ಇವರದು ಒಂಟೆಯ ಕಾಲು. ಅವರ ಹೆಜ್ಜೆ ಬಿದ್ದಲ್ಲೆಲ್ಲ ಒಂದೊಂದು ಚಪ್ಪಡಿ. ಅಂದಿನಿಂದ ನಾನು ತರಕಾರಿ ಚೀಲ ಹಿಡಿದು ಕುಂಟಬಿಲ್ಲೆ ಆಡಿಕೊಂಡೇ ಮನೆಯೊಳಗೆ ಬರುತ್ತಿದ್ದೆ. ಎದುರು ಮನೆಯಾಕೆ ವ್ಯಾಯಾಮವೇ ಎಂದು ಕೇಳಿದಳು. ಹೌದು ಎಂದೆ.

ಆಮೇಲೆ ಕಾಂಪೌಂಡಿನ ಗೋಡೆಗೆ ಹಲಗೆಗಳ ಅಟ್ಟಣೆ ಎದ್ದಿತು, ಹೂಕುಂಡ ಜೋಡಿಸಲು. ಹಲಗೆಗೆ ವಾರ್ನಿಶ್ ಬಳಿದರು, ಮೊದಲಿನದು ಒಣಗಿದ ಮೇಲೆ ಮತ್ತೊಮ್ಮೆ ಬಳಿದರು. ಆಮೇಲೆ ನಡುಮನೆಯ ಗೋಡೆಗೆ ಬಿಳಿ ಪುಟ್ಟಿ ಮೆತ್ತಿದರು. ಮುಂಬಾಗಿಲ ಪಕ್ಕ, ಸೊಂಟದ ಮಟ್ಟದಲ್ಲಿ ಒಂದು ತುಕ್ಕು ಹಿಡಿದ ಮೊಳೆಯಿತ್ತು. ನನ್ನ ಎಷ್ಟು ಬಟ್ಟೆಗಳನ್ನು ಅದು ಹರಿದಿದೆಯೋ ಲೆಕ್ಕವಿಲ್ಲ. ಹಿಂದೊಮ್ಮೆ ನಾನು ಇಕ್ಕಳ ಹಿಡಿದು ಹೋದಾಗ ಅತ್ತೆ, "ಇರ್ಲಿ ಬಿಡಮ್ಮ" ಎಂದು ತಡೆದಿದ್ದರು. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಟಿಪ್ಸಪ್ಪ ಅದನ್ನು ಕಿತ್ತು, ತೂತಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದರು. ಇಷ್ಟೆಲ್ಲ ಗದ್ದಲದಲ್ಲಿ ಒಂದಾದರೂ ಉಪಕಾರವಾಯಿತಲ್ಲ ಎಂದುಕೊಂಡೆ.

"ಕಂಬಿ?" ಎಂದು ನಾನು ದಿನಾ ಕೇಳುತ್ತಿದ್ದೆ. "ಆಗತ್ತೆ ಇರೇ, ಮೈಮೇಲೆ ಬರ್ಬೇಡ" ಎಂದು ಅವರು ದಿನಾ ಹೇಳುತ್ತಿದ್ದರು.

ಅತ್ತೆ ಬರುವ ಹಿಂದಿನ ದಿನ ಕಂಬಿ ಬಂತು. ಸಾಧಾರಣ ಕಂಬಿಯಲ್ಲ, ಚಿನ್ನದ ಬಣ್ಣದ್ದು. ಇವರೇ ಡ್ರಿಲ್ ಹಿಡಿದು, ಗೋಡೆಯ ಮುಂದೆ ಎದೆಯುಬ್ಬಿಸಿ ನಿಂತು ಕೂರಿಸಿದರು. "ಕೈ ಚಾಚಿದ ಕೂಡ್ಲೇ ಸಿಗ್ಬೇಕು, ಅದೇ ಟಿಪ್ಸು!" ಎಂದು ಒಳಗಿನಿಂದ ಕೂಗಿದರು. ನಾನು ಮನೆಯಿಡೀ ಹಾರಿದ ಪುಟ್ಟಿಯ ಧೂಳು ಗುಡಿಸುತ್ತಿದ್ದೆ. ಬಾಗಿಲಿಂದಲೇ ಇಣುಕಿದೆ. ಅಂದಕ್ಕೆಂದು ಅದರ ಮೇಲೆ ಆಗಲೇ ಹೊಸ ಟವೆಲ್ ಮಡಚಿ ಹಾಕಿದ್ದರು. ಸದ್ಯ, ಬಂತಲ್ಲ ಎಂದುಕೊಂಡು ಪೊರಕೆ ಕೈಗೆತ್ತಿಕೊಂಡೆ.

ಮರುದಿನ ಗೇಟಿನ ಮುಂದೆ ಕಾರು ನಿಂತಿತು. ಅತ್ತೆ ವಾಕರ್ ಊರಿ ಇಳಿದು, ಗೇಟನ್ನೂ ದಾರಿಯನ್ನೂ ಒಮ್ಮೆ ನೋಡಿದರು.

"ಇದ್ಯಾರ ಮನೆಗೋ ಕರ್ಕೊಂಡ್ ಬಂದೆ?"

ಟಿಪ್ಸಪ್ಪನ ಮುಖ ಅರಳಿತು. ಅಷ್ಟರಲ್ಲಿ ವಾಕರಿನ ಎರಡು ಕಾಲು ಚಪ್ಪಡಿಯ ಮೇಲೆ ಕೂತವು, ಇನ್ನೆರಡು ಬೆಣಚುಕಲ್ಲಿನಲ್ಲಿ ಹೂತವು. ಅತ್ತೆ ಎಳೆದರು, ಬರಲಿಲ್ಲ. ಮುಂದಿನ ಚಪ್ಪಡಿ ನೋಡಿದರೆ ಪಕ್ಕದ ಊರಿನಷ್ಟು ದೂರ. ಎದುರು ಮನೆಯವರು, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

"ಬಾಮ್ಮ, ಎತ್ಕೊಂಡ್ ಹೋಗ್ತೀನಿ."

"ನಾನೇನು ಸಿಮೆಂಟ್ ಮೂಟೆನಾ? ಮುಟ್ಟಬೇಡ ನನ್ನ!"

ಅತ್ತೆ ಮತ್ತೆ ವಾಕರ್ ಎಳೆದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಅಟ್ಟಣೆಯ ಕುಂಡಗಳನ್ನೆಲ್ಲ ಕೆಳಗಿಳಿಸಿ ಹಲಗೆಗಳನ್ನು ಕಿತ್ತೆ. ಮಗಳು ಓಡಿ ಬಂದು ಇನ್ನೊಂದು ತುದಿ ಹಿಡಿದಳು.

"ಅಯ್ಯೋ, ಅದು ವಾರ್ನಿಶ್ ಹಾಕಿದ್ದು ಕಣೇ!"

"ನಿಮ್ಮ ವಾರ್ನಿಶ್ ಮನೆ ಹಾಳಾಗ! ಆಚೆ ಸರೀರಿ!"

ಬೆಣಚುಕಲ್ಲಿನ ಮೇಲೆ ಉದ್ದಕ್ಕೂ ಹಲಗೆ ಹಾಸಿದೆವು. ಅತ್ತೆ ಅದರ ಮೇಲೆ ಟಕ್ ಟಕ್ ಎಂದು ವಾಕರ್ ಊರುತ್ತ, ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದರು. ಕೂರಲಿಲ್ಲ, ನೀರೂ ಕೇಳಲಿಲ್ಲ. "ಮೊದ್ಲು ಅಲ್ಲಿಗೆ" ಎಂದರು. ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದರು.

ಬಚ್ಚಲಲ್ಲಿ ಟಿಪ್ಸಪ್ಪ ಸಭೆಯಲ್ಲಿ ಪರದೆ ಸರಿಸುವವರ ಹಾಗೆ ಟವೆಲ್ ಎಳೆದರು. ಕಂಬಿ ಫಳಫಳ ಹೊಳೆಯಿತು. ಅತ್ತೆ ತಲೆಯೆತ್ತಿ ನೋಡಿದರು. ಮೊದಲೇ ಗಿಡ್ಡ, ಈಗ ಬೆನ್ನು ಇನ್ನಷ್ಟು ಬಾಗಿದೆ. ಕೈ ಮೇಲೆತ್ತಿದರು. ಬೆರಳ ತುದಿ ಕಂಬಿಗೆ ತಾಗಿತು, ಅಷ್ಟೇ. ಅದನ್ನು ಹಿಡಿದು ಕೂತು ಏಳುವುದಂತೂ ಕನಸಿನ ಮಾತು. ಅದು ಟಿಪ್ಸಪ್ಪನ ಭುಜಕ್ಕೆ ಸರಿಯಾಗಿತ್ತು.

"ಚೆನ್ನಾಗಿದೆ ಕಣೋ" ಎಂದರು ಅತ್ತೆ. "ಬಟ್ಟೆ ಒಣ ಹಾಕೋಕೆ ಅನುಕೂಲ."

ನಾನು ನಗುವುದರಲ್ಲಿದ್ದೆ. ಆದರೆ ಅವರ ತುಟಿ ಅದುರಿತು. "ಬಾಮ್ಮ, ನೀನೇ ಹಿಡ್ಕೋ" ಎಂದು ನನ್ನ ಕಡೆ ತೋಳು ಚಾಚಿದರು. ಇವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ನಾನು ಹಿಡಿದು ಕೂರಿಸುವಾಗ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಬಿಸಿ ಕಣ್ಣೀರು ನನ್ನ ಮುಂಗೈ ಮೇಲೆ ಬಿತ್ತು. ಆ ಹೊತ್ತಿನಲ್ಲಿ ಗಂಡ ಕೈಗೆ ಸಿಕ್ಕಿದ್ದರೆ ಅದೇ ಕಂಬಿಗೆ ನೇತುಹಾಕುತ್ತಿದ್ದೆ. ಅಂದಕ್ಕೆ.

ಹೊರಗೆ ಬಂದ ಅತ್ತೆಯನ್ನು ಮುಂಬಾಗಿಲ ಪಕ್ಕ ಕುರ್ಚಿಯಲ್ಲಿ ಕೂರಿಸಿದೆ. ಅವರ ಕೈ ಗೋಡೆಯ ಮೇಲೆ ಏನನ್ನೋ ತಡಕಿತು.

"ಇಲ್ಲೊಂದು ಮೊಳೆ ಇತ್ತಲ್ಲೋ?"

"ಕಿತ್ಹಾಕ್ದೆ ಅಮ್ಮ. ತುಕ್ಕು ಹಿಡಿದಿತ್ತು. ಅಷ್ಟು ಕೆಳಗೆ ಯಾರಿಗೆ ಬೇಕದು?"

"ನಿಂಗೆ ಬೇಕಿತ್ತು" ಎಂದರು ಅತ್ತೆ. "ಸ್ಕೂಲಿಗೆ ಸೇರಿಸಿದಾಗ ಬ್ಯಾಗು ನಾನೇ ತಗಲಾಕ್ತೀನಿ, ಯಾರೂ ಮುಟ್ಟಬಾರ್ದು ಅಂತ ಒಂದೇ ಹಟ. ದೊಡ್ಡೋರ ಮೊಳೆ ನಿಂಗೆ ಎಟುಕ್ತಿರ್ಲಿಲ್ಲ. ನೆಲದಲ್ಲಿ ಕೂತು, ನಿನ್ನ ಕೈ ಎತ್ತಿಸಿ, ಅದು ಎಲ್ಲಿಗೆ ಬರತ್ತೋ ಅಲ್ಲಿ ಹೊಡ್ದೆ. ಅಷ್ಟೇ."

ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಬೈಯಲಿಲ್ಲ. ಟಿಪ್ಸಪ್ಪ ಹೊಸ ಬಣ್ಣದ ಗೋಡೆಯನ್ನೇ ನೋಡುತ್ತ ನಿಂತರು. ಮೊಬೈಲ್ ಎರಡು ಸಲ ಬಡಿದುಕೊಂಡಿತು, ತೆಗೆದು ನೋಡಲಿಲ್ಲ. ಎಂಥ ವಿಚಿತ್ರ! ನನಗೆ ಒಂದು ಕ್ಷಣ ಗಾಬರಿಯೇ ಆಯಿತು.

ಆಮೇಲೆ ಡ್ರಿಲ್ಲನ್ನೂ ಪೆನ್ಸಿಲನ್ನೂ ತಂದರು. ಕಮೋಡಿನ ಮುಚ್ಚಳ ಹಾಕಿ, "ಬಾಮ್ಮ, ಇದರ ಮೇಲೆ ಸುಮ್ನೆ ಕೂತ್ಕೋ" ಎಂದು ತಾವು ಬಚ್ಚಲ ಒದ್ದೆ ನೆಲದ ಮೇಲೆ, ಹೊಸ ಪ್ಯಾಂಟಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು.

"ಏಳೋವಾಗ ನಿನ್ನ ಕೈ ಎಲ್ಲಿಗೆ ಹೋಗತ್ತೆ, ತೋರ್ಸು."

ಅತ್ತೆ ಕೈ ಚಾಚಿದರು.

"ಇಲ್ಲಾ?"

"ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲಿ."

ಟಿಪ್ಸಪ್ಪ ಅಲ್ಲಿ ಗುರುತು ಹಾಕಿದರು. ಚಿನ್ನದ ಕಂಬಿ ಕೆಳಗಿಳಿದು ಬಂತು. ಟೈಲ್ಸಿನ ಮೇಲೆ ಹಳೆಯ ತೂತುಗಳು ಬಾಯಿ ಬಿಟ್ಟುಕೊಂಡು ಉಳಿದವು. ಕಂಬಿ ಗಟ್ಟಿಯಾಗಿದೆಯೇ ಎಂದು ಇವರು ಅದಕ್ಕೆ ಪೂರ್ತಿ ಭಾರ ಬಿಟ್ಟು ಜೋತುಬಿದ್ದರು. ಅದು ಅಲುಗಲಿಲ್ಲ.

ಸಂಜೆ ಅತ್ತೆ ವಾಕರ್ ಊರಿಕೊಂಡು ಬಚ್ಚಲಿಗೆ ಹೋದರು. ಒಬ್ಬರೇ. ಬಾಗಿಲು ಹಾಕಿಕೊಂಡರು. ನಾವೆಲ್ಲ ಹೊರಗೆ ನಿಂತೆವು. ಟಿಪ್ಸಪ್ಪ ಬಾಗಿಲಿಗೆ ಕಿವಿಯಾನಿಸಿದ್ದರು, ಒಂದು ಕೈ ಚಿಲಕದ ಮೇಲೆ. ಒಳಗೆ ಸದ್ದಿಲ್ಲ. ಆಮೇಲೆ ಒಂದು ನರಳಾಟ. ಇವರು ಇನ್ನೇನು ಬಾಗಿಲು ತಳ್ಳಬೇಕು, ನೀರು ಬಿಟ್ಟ ಸದ್ದು ಕೇಳಿಸಿತು.

"ಬಾಗ್ಲ ಹತ್ರ ನಿಂತಿರೋದು ಯಾರೋ ಅದು?" ಅತ್ತೆಯ ದನಿ ಗಡುಸಾಗಿತ್ತು. "ನಿನ್ನ ಉಸಿರು ಇಲ್ಲೀವರೆಗೂ ಕೇಳ್ತಿದೆ. ಹೋಗೋ ಆಚೆ. ಎದ್ದಿದ್ದೀನಿ. ನಾನೊಬ್ಳೇ ಎದ್ದೆ."

ಇವರು ಚಿಲಕದಿಂದ ಕೈ ತೆಗೆದು ಹಿಂದೆ ಸರಿದರು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ಥೇಟ್ ಅವರಮ್ಮನ ಹಾಗೆ. ಭುಜ ಅಲುಗುತ್ತಿತ್ತು.

ನಾನು ನೋಡದವಳ ಹಾಗೆ ಅಡುಗೆಮನೆಗೆ ಹೋದೆ. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಆವತ್ತೊಂದು ದಿನ ಅದರ ಬಗ್ಗೆ ಬೈಯಲು ನನಗೆ ಬಾಯಿ ಬರಲಿಲ್ಲ.